‘ಹುಬ್ಬಳ್ಳಿಗೆ ಒಯ್ರಿ’

ಗದಗ, ಹಾವೇರಿ, ಕೊಪ್ಪಳ, ಯಲ್ಲಾಪುರ, ಮುಂಡಗೋಡ ಕಡೆಯ ಊರುಗಳಲ್ಲಿ ಹೆರಿಗೆ ಕೋಣೆಯ ಹೊರಗೆ ಕೂತವರ ಎದೆ ಝಲ್ಲೆನಿಸುವ ಮಾತೊಂದಿದೆ. ‘ಇಲ್ಲೆ ಆಗಾಂಗಿಲ್ಲ, ಹುಬ್ಬಳ್ಳಿಗೆ ಒಯ್ರಿ.’ ಅಷ್ಟು ಕೇಳಿದ ಮೇಲೆ ಮನೆಯವರು ಮತ್ತೇನೂ ಕೇಳುವುದಿಲ್ಲ. ಚೀಟಿ ಇಸಿದುಕೊಳ್ಳುತ್ತಾರೆ. ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಕೂಸನ್ನು ಸುತ್ತುತ್ತಾರೆ. 108ಕ್ಕೆ ಫೋನ್ ಹಚ್ಚುತ್ತಾರೆ. ಹಡೆದವಳು ಹಸಿ ಮೈಯಲ್ಲಿ ಎಷ್ಟೋ ಸಲ ಅಲ್ಲೇ ಉಳಿಯುತ್ತಾಳೆ, ಕೂಸು ಮಾತ್ರ ಹೊರಡುತ್ತದೆ. ಗದಗದಿಂದಾದರೆ ಒಂದು ತಾಸಿನ ದಾರಿ, ಕೊಪ್ಪಳದಿಂದಾದರೆ ಅದರ ಎರಡು ಪಟ್ಟು. ದಾರಿ ಮುಗಿಯುವುದು ವಿದ್ಯಾನಗರದಲ್ಲಿ, ಕಿಮ್ಸ್ ಗೇಟಿನೊಳಗೆ.

1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಎಂದು ಶುರುವಾದ ಈ ಆಸ್ಪತ್ರೆಗೆ ಈಗ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆ ಎಂಬ ಹೆಸರಿದೆ. ಹಳಬರು ಇಂದಿಗೂ ಕೆಎಂಸಿ ಅನ್ನುತ್ತಾರೆ, ಉಳಿದವರಿಗೆ ಅದು ಕಿಮ್ಸ್. ಹೆಸರು ಏನೇ ಇರಲಿ, ಅರ್ಧ ಉತ್ತರ ಕರ್ನಾಟಕಕ್ಕೆ ಅದು ಕಡೆಯ ಬಾಗಿಲು. ಅದರ ಆಚೆ ಹೋಗಲು ಬಡವರಿಗೆ ಜಾಗವಿಲ್ಲ.

ಆ ರಾತ್ರಿ ಬಂದ ಕೂಸು ಬೆಳಗಿನ ಜಾವ ತೀರಿಕೊಂಡಿತು ಎಂದುಕೊಳ್ಳಿ. ಸಾವು ದಾಖಲಾಗುವುದು ಹುಬ್ಬಳ್ಳಿಯಲ್ಲಿ. ಕಾರಣದ ಕಾಲಮಿನಲ್ಲಿ ಉಸಿರುಗಟ್ಟಿಕೆ ಎಂದೋ, ತೂಕ ಕಡಿಮೆ ಎಂದೋ, ನಂಜು ಎಂದೋ ಒಂದು ಪದ ಬೀಳುತ್ತದೆ. ಆ ಪದ ಸುಳ್ಳಲ್ಲ. ಆದರೆ ಸಾವು ಶುರುವಾದದ್ದು ಆ ಹಾಸಿಗೆಯ ಮೇಲಲ್ಲ. ಅದು ದಾರಿಯಲ್ಲಿ ಶುರುವಾಗಿರಬಹುದು, ಹಿಂದಿನ ಆಸ್ಪತ್ರೆಯ ಹೆರಿಗೆ ಮೇಜಿನ ಮೇಲೆ ಶುರುವಾಗಿರಬಹುದು, ತಿಂಗಳುಗಟ್ಟಲೆ ಮೊದಲು ರಕ್ತವಿಲ್ಲದ ತಾಯಿಯ ಮೈಯೊಳಗೇ ಶುರುವಾಗಿರಬಹುದು. ಎಳೆಗೂಸುಗಳ ಸಾವನ್ನು ತಿಳಿಯಹೊರಟವರು ರಿಜಿಸ್ಟರಿನ ಆ ಸಾಲಿನಿಂದ ಹಿಂದಕ್ಕೆ, ಕೂಸು ಬಂದ ದಾರಿಯುದ್ದಕ್ಕೂ ನಡೆಯಬೇಕು.

ನಾವು ಹಾಗೆ ನಡೆಯುವುದು ಕಡಿಮೆ. ಸುದ್ದಿಯಾದಾಗ ಮಾತ್ರ ಎಚ್ಚರಾಗುತ್ತೇವೆ. 2017ರ ಆಗಸ್ಟಿನಲ್ಲಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ವರ್ಷದ ಮೊದಲಿನಿಂದ ಸುಮಾರು 90 ಶಿಶುಗಳು ತೀರಿಕೊಂಡಿವೆ ಎಂಬ ಸುದ್ದಿ ಬಂತು. 2024ರಲ್ಲಿ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯ ಸರದಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮೂರು ತಿಂಗಳಲ್ಲಿ 41 ಹಸುಗೂಸುಗಳು. ಸಚಿವರ ಭೇಟಿ, ತನಿಖೆ, ನೋಟಿಸು, ಟಿವಿಯಲ್ಲಿ ಅಳುವ ತಾಯಂದಿರು. ಆ ಸಿಟ್ಟು ನ್ಯಾಯವಾದದ್ದೇ, ಕೂಸು ಕಳೆದುಕೊಂಡವರು ಯಾರನ್ನು ಕೇಳಬೇಕು ಮತ್ತೆ? ಆದರೆ 41 ಎಂಬ ಸಂಖ್ಯೆ ಒಂಟಿಯಾಗಿ ನಿಂತರೆ ಅದು ಏನನ್ನೂ ಹೇಳುವುದಿಲ್ಲ. ಎಷ್ಟು ಕೂಸುಗಳಲ್ಲಿ 41? ಅವುಗಳಲ್ಲಿ ಒಂದೂವರೆ ಕಿಲೋಕ್ಕಿಂತ ಕಡಿಮೆ ತೂಕದವು ಎಷ್ಟು? ಅಲ್ಲೇ ಹುಟ್ಟಿದವು ಎಷ್ಟು, ಬೇರೆಡೆ ಹುಟ್ಟಿ ಕೈಕೈ ದಾಟಿ ಬಂದವು ಎಷ್ಟು?

ಕಡೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಸರ್ಕಾರಿ ನವಜಾತ ಶಿಶು ಘಟಕಗಳ ದಾಖಲೆಯಲ್ಲಿ ಪ್ರತಿ ಕೂಸಿನ ಎದುರು ಇದನ್ನು ಬರೆಯುತ್ತಾರೆ, ಒಳಗೆ ಹುಟ್ಟಿದ್ದೋ ಹೊರಗಿನಿಂದ ಬಂದದ್ದೋ ಎಂದು. ದೇಶದ ಬಹುತೇಕ ಘಟಕಗಳಲ್ಲಿ ಹೊರಗಿನಿಂದ ಬಂದ ಕೂಸುಗಳೇ ಹೆಚ್ಚು ಸಾಯುತ್ತವೆ. ಅವು ತಣ್ಣಗಾಗಿ ಬಂದಿರುತ್ತವೆ, ರಕ್ತದಲ್ಲಿ ಸಕ್ಕರೆ ಇಳಿದಿರುತ್ತದೆ, ಮೆದುಳಿಗೆ ಆಮ್ಲಜನಕ ಸಿಕ್ಕು ಎಷ್ಟು ಹೊತ್ತಾಗಿತ್ತು ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಆರೋಗ್ಯವಂತ ಕೂಸನ್ನಷ್ಟೇ ಸೇರಿಸಿಕೊಂಡು ಕಷ್ಟದ ಕೂಸನ್ನು ಮುಂದಕ್ಕೆ ದಾಟಿಸುವ ಆಸ್ಪತ್ರೆಯ ಲೆಕ್ಕದಲ್ಲಿ ಸಾವೇ ಇರುವುದಿಲ್ಲ. ಯಾರನ್ನೂ ಹಿಂದೆ ಕಳಿಸದ ಆಸ್ಪತ್ರೆಯ ಲೆಕ್ಕದಲ್ಲಿ ಎಲ್ಲರ ಸಾವೂ ಇರುತ್ತದೆ. ಕಿಮ್ಸ್‌ನಂಥ ಆಸ್ಪತ್ರೆಯನ್ನು ತೂಗುವಾಗ ಇದನ್ನು ಮರೆಯಬಾರದು. ಅದರ ತಪ್ಪುಗಳನ್ನು ಮನ್ನಿಸಲಿಕ್ಕಲ್ಲ, ಯಾವುದು ಅದರದ್ದು, ಯಾವುದು ಅದರದ್ದಲ್ಲ ಎಂದು ಬೇರ್ಪಡಿಸಲಿಕ್ಕೆ.

ಒಟ್ಟಾರೆ ಚಿತ್ರ ನಿಜಕ್ಕೂ ಸುಧಾರಿಸಿದೆ. ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ ಕರ್ನಾಟಕದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು 2000ದಲ್ಲಿ 57, 2010ರಲ್ಲಿ 38, 2020ರಲ್ಲಿ 19. ಇಪ್ಪತ್ತು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಇಳಿತ. ಲಸಿಕೆ, ಓಆರ್‌ಎಸ್, ಶುದ್ಧ ನೀರು, ಓದಿದ ತಾಯಂದಿರು ಎಲ್ಲ ಕೂಡಿ ಮಾಡಿದ ಕೆಲಸವಿದು. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಧನುರ್ವಾಯುವಿನಿಂದ ಕೂಸು ಸೆಟೆದು ಸಾಯುತ್ತಿದ್ದ ಕಾಲ ಹೋಗಿದೆ. 2015ರಲ್ಲಿ ಭಾರತ ಎಳೆಗೂಸುಗಳ ಧನುರ್ವಾಯುವನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿತು.

ಆದರೆ ಈ ಇಳಿತದೊಳಗೆ ಇನ್ನೊಂದು ಸಂಗತಿ ಅಡಗಿದೆ. 2020ರ 19ರಲ್ಲಿ 14 ಸಾವು ಮೊದಲ 28 ದಿನಗಳಲ್ಲೇ ಆದವು. ಅವುಗಳಲ್ಲಿ ಬಹುಪಾಲು ಮೊದಲ ವಾರದಲ್ಲಿ, ಅದರಲ್ಲೂ ಹೆಚ್ಚಿನವು ಮೊದಲ ಒಂದೆರಡು ದಿನಗಳಲ್ಲಿ. ಅಂದರೆ ತೆವಳುವ, ಹಲ್ಲು ಬರುವ, ವಾಂತಿ ಭೇದಿಯಾಗುವ ವಯಸ್ಸಿನ ಮಕ್ಕಳನ್ನು ನಾವು ಉಳಿಸಿಕೊಂಡೆವು. ಹೆಸರಿಡುವ ಮೊದಲೇ ಹೋಗುವ ಕೂಸುಗಳನ್ನು ಅಷ್ಟೇ ವೇಗದಲ್ಲಿ ಉಳಿಸಿಕೊಳ್ಳಲಾಗಲಿಲ್ಲ. ಮೊದಲಿನದಕ್ಕೆ ಲಸಿಕೆ, ಪುಡಿಯ ಪೊಟ್ಟಣ ಸಾಕಾದವು. ಎರಡನೆಯದಕ್ಕೆ ನಡುರಾತ್ರಿ ಎರಡು ಗಂಟೆಗೆ ಎಚ್ಚರವಿರುವ, ಕೈ ಪಳಗಿದ ಮನುಷ್ಯರು ಬೇಕು.

ಈ ಸಾವುಗಳೆಲ್ಲ ಮನೆಯಲ್ಲಿ ಆಗುತ್ತಿವೆ, ಜನ ಆಸ್ಪತ್ರೆಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ 2005–06ರಲ್ಲಿ ನೂರಕ್ಕೆ 65ರಷ್ಟಿತ್ತು, 2019–21ರ ಹೊತ್ತಿಗೆ 97ಕ್ಕೆ ಮುಟ್ಟಿತು. ಜನನಿ ಸುರಕ್ಷಾ, ಮಡಿಲು ಕಿಟ್, 2008ರ ನವೆಂಬರ್ 1ರಿಂದ ಓಡಾಡುತ್ತಿರುವ 108 ಗಾಡಿ, ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು, ಮತ್ತು ಇವೆಲ್ಲಕ್ಕಿಂತ ಹೆಚ್ಚಾಗಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು ಇದನ್ನು ಸಾಧಿಸಿದರು. ಜನ ತಮ್ಮ ಪಾಲಿನದ್ದನ್ನು ಮಾಡಿದರು, ಹೊಸ್ತಿಲು ದಾಟಿ ಬಂದರು. ಹೊಸ್ತಿಲಿನ ಒಳಗೆ ಏನಿದೆ ಎಂಬುದು ಈಗಿನ ಪ್ರಶ್ನೆ.

ಹೆರಿಗೆ ಕೋಣೆಯ ಹೊರಗೆ ಕೂತವರು ಕಿವಿಗೊಟ್ಟು ಕಾಯುವುದು ಒಂದು ಅಳುವಿಗೆ. ‘ಕೂಸು ಅಳಲಿಲ್ರಿ’ ಎಂಬ ಮಾತಿಗಿಂತ ದೊಡ್ಡ ರೋಗನಿದಾನ ಹಳ್ಳಿಯಲ್ಲಿಲ್ಲ, ಮತ್ತು ಅದು ಬಹುಮಟ್ಟಿಗೆ ಸರಿಯಾದದ್ದು. ಹುಟ್ಟಿದ ಕೂಸುಗಳಲ್ಲಿ ಹೆಚ್ಚಿನವು ತಾವಾಗಿಯೇ ಉಸಿರೆಳೆಯುತ್ತವೆ. ನೂರಕ್ಕೆ ಹತ್ತರಷ್ಟಕ್ಕೆ ಮೈ ಒರೆಸಿ, ಬೆನ್ನು ತಿಕ್ಕಿ ಎಬ್ಬಿಸಿದರೆ ಸಾಕು. ಮೂರೋ ಐದೋ ಕೂಸಿಗೆ ಮೂಗು-ಬಾಯಿಯ ಮೇಲೆ ಮಾಸ್ಕ್ ಇಟ್ಟು, ಕೈಚೀಲದಂಥ ಬ್ಯಾಗ್ ಒತ್ತಿ ಗಾಳಿ ಕೊಡಬೇಕು. ಇದನ್ನು ಮೊದಲ ಒಂದು ನಿಮಿಷದಲ್ಲಿ ಮಾಡಬೇಕು. ದೊಡ್ಡ ಯಂತ್ರ ಬೇಡ, ದೊಡ್ಡ ಡಾಕ್ಟರೂ ಬೇಡ. ಆ ಬ್ಯಾಗ್ ಕೈಗೆಟುಕುವಂತಿರಬೇಕು, ಹರಿದಿರಬಾರದು, ಪಕ್ಕದಲ್ಲಿರುವ ನರ್ಸಮ್ಮನ ಕೈ ಅದಕ್ಕೆ ರೂಢಿಯಾಗಿರಬೇಕು. ವರ್ಷಕ್ಕೊಮ್ಮೆ ತರಬೇತಿ ಪಡೆದು ಪ್ರಮಾಣಪತ್ರ ಇಟ್ಟುಕೊಂಡ ಕೈ ಆ ನಿಮಿಷದಲ್ಲಿ ನಡುಗುತ್ತದೆ. ವಾರವಾರವೂ ಗೊಂಬೆಯ ಮೇಲೆ ಅಭ್ಯಾಸ ಮಾಡಿದ ಕೈ ನಡುಗುವುದಿಲ್ಲ.

ಈ ಒಂದು ನಿಮಿಷದ ಬಗ್ಗೆ ನಮ್ಮ ಪಕ್ಕದ ಬೆಳಗಾವಿಯಿಂದ ಜಗತ್ತು ಒಂದು ಪಾಠ ಕಲಿತಿದೆ, ಧಾರವಾಡದವರಿಗೂ ಅದು ಅಷ್ಟಾಗಿ ಗೊತ್ತಿಲ್ಲ. ಅಲ್ಲಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಎರಡು ದಶಕಗಳಿಗೂ ಮಿಕ್ಕಿ ಸುತ್ತಲಿನ ಹಳ್ಳಿಗಳ ಹೆರಿಗೆಗಳ ಮೇಲೆ ಅಂತರರಾಷ್ಟ್ರೀಯ ಅಧ್ಯಯನಗಳನ್ನು ನಡೆಸುತ್ತ ಬಂದಿದೆ. ಆರು ದೇಶಗಳ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವವರಿಗೆ ಕೂಸಿನ ಮೊದಲ ಆರೈಕೆ ಕಲಿಸಿ ಫಲಿತಾಂಶ ನೋಡಿದ ‘ಫಸ್ಟ್ ಬ್ರೆತ್’ ಅಧ್ಯಯನದಲ್ಲಿ ಬೆಳಗಾವಿಯೂ ಇತ್ತು. ಅದು ಪ್ರಕಟವಾದದ್ದು 2010ರಲ್ಲಿ. ಮೊದಲ ವಾರದ ಸಾವು ಇಳಿಯಬಹುದು ಎಂದು ಕಾದಿದ್ದರು. ಅದು ಇಳಿಯಲಿಲ್ಲ. ಇಳಿದದ್ದು ‘ಸತ್ತು ಹುಟ್ಟಿದ’ ಕೂಸುಗಳ ಸಂಖ್ಯೆ. ಸಾವಿರಕ್ಕೆ 23 ಇದ್ದದ್ದು ಸುಮಾರು 16ಕ್ಕೆ ಬಂತು. ಇದರ ಅರ್ಥ ತಿಳಿದಾಗ ನನಗೆ ಕೈಕಾಲು ತಣ್ಣಗಾದವು. ಸತ್ತು ಹುಟ್ಟಿತು ಎಂದು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ ಕೂಸುಗಳಲ್ಲಿ ಕೆಲವು ಸತ್ತಿರಲೇ ಇಲ್ಲ. ಅವುಗಳ ಹೃದಯ ಬಡಿಯುತ್ತಿತ್ತು, ಉಸಿರು ಶುರುವಾಗಿರಲಿಲ್ಲ ಅಷ್ಟೇ. ಬೆನ್ನು ತಿಕ್ಕುವ ಕೈ ಒಂದು ಸಿಕ್ಕಿದ್ದರೆ ಅವು ಅಳುತ್ತಿದ್ದವು. ಅಂಥ ಕೂಸುಗಳು ಯಾವ ಶಿಶುಮರಣದ ಪಟ್ಟಿಯಲ್ಲೂ ಬಂದಿರಲಿಲ್ಲ.

ಉಸಿರುಗಟ್ಟಿದ ಕೂಸಿನ ಮೆದುಳು ಹಾನಿಗೊಂಡಾಗ ಮೂರು ದಿನ ಮೈಯನ್ನು ತಣಿಸಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಜೀವ ಉಳಿಸಿದೆ. ಅದನ್ನು ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ 408 ಕೂಸುಗಳ ಮೇಲೆ ಪರೀಕ್ಷಿಸಿದರು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದರಲ್ಲಿ ಪಾಲ್ಗೊಂಡಿತ್ತು. 2021ರಲ್ಲಿ ಬಂದ ಫಲಿತಾಂಶ ತಲೆಕೆಳಗಾಗಿತ್ತು. ತಣಿಸಿದ ಕೂಸುಗಳಲ್ಲಿ ನೂರಕ್ಕೆ 42 ಸತ್ತವು, ತಣಿಸದೆ ಆರೈಕೆ ಮಾಡಿದವುಗಳಲ್ಲಿ 31. ಯಾಕೆ ಹೀಗಾಯಿತು ಎಂಬ ಚರ್ಚೆ ಮುಗಿದಿಲ್ಲ. ಇಲ್ಲಿಯ ಕೂಸುಗಳಿಗೆ ಪೆಟ್ಟು ಬಿದ್ದದ್ದು ಹೆರಿಗೆಯ ಕೊನೆಯ ಗಳಿಗೆಯಲ್ಲಿ ಅಲ್ಲ, ಅದಕ್ಕೂ ಬಹಳ ಮೊದಲು, ನಿಧಾನವಾಗಿ ಎಂಬುದು ಒಂದು ಬಲವಾದ ಊಹೆ. ಬಸುರಿಯ ರಕ್ತದೊತ್ತಡವನ್ನು ಯಾರೂ ನೋಡದಿದ್ದಾಗ, ನೋವು ತಿನ್ನುತ್ತ ಹನ್ನೆರಡು ತಾಸು ಮಲಗಿದರೂ ಕೂಸಿನ ಎದೆಬಡಿತವನ್ನು ಯಾರೂ ಕೇಳದಿದ್ದಾಗ, ಬೇಗ ಆಗಲಿ ಎಂದು ಗ್ಲೂಕೋಸಿನಲ್ಲಿ ‘ನೋವಿನ ಇಂಜೆಕ್ಷನ್’ ಅಳತೆಯಿಲ್ಲದೆ ಬಿಟ್ಟಾಗ ಆಗುವ ಪೆಟ್ಟು ಅದು. ಗರ್ಭಕೋಶ ಬಿಡುವಿಲ್ಲದೆ ಹಿಂಡಿದರೆ ಒಳಗಿನ ಕೂಸಿಗೆ ರಕ್ತ ಹರಿಯುವುದಿಲ್ಲ. ‘ಜಲ್ದಿ ಆಗೂ ಸೂಜಿ ಹಾಕ್ರಿ’ ಎಂದು ಮನೆಯವರೇ ಗಂಟುಬೀಳುವುದನ್ನು ನಾನು ಕೇಳಿದ್ದೇನೆ. ಆ ಸೂಜಿ ಬೇಕಾದ ಹೆರಿಗೆಗಳಿವೆ, ನಿಜ. ಆದರೆ ಹನಿ ಎಣಿಸುವವರಿಲ್ಲದ ಕಡೆ ಅದು ಕೂಸಿನ ಕೊರಳು ಹಿಚುಕಿದಂತೆ.

ಎರಡನೆಯ ದೊಡ್ಡ ಕಾರಣ, ಲೆಕ್ಕದಲ್ಲಿ ನೋಡಿದರೆ ಮೊದಲನೆಯದೇ, ತಿಂಗಳು ತುಂಬದೆ ಹುಟ್ಟುವುದು. 37 ವಾರಕ್ಕೆ ಮೊದಲೇ ಬಂದ ಕೂಸು ಅವಧಿಪೂರ್ವ. ಎರಡೂವರೆ ಕಿಲೋಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕ. ಒಂದೂವರೆಗಿಂತ ಕಡಿಮೆ ಇದ್ದರೆ ಬಹಳ ಕಡಿಮೆ. ನಮ್ಮ ಕಡೆ ಇವನ್ನು ‘ಕಾಚಿನ ಪೆಟಗಿ ಕೂಸು’, ಗಾಜಿನ ಪೆಟ್ಟಿಗೆಯ ಕೂಸು, ಅನ್ನುವುದುಂಟು. ಏಳನೆಯ ತಿಂಗಳ ಕೂಸಿನ ಶ್ವಾಸಕೋಶದ ಗಾಳಿಗೂಡುಗಳ ಒಳಗೋಡೆಗೆ ಒಂದು ನಯವಾದ ಲೇಪ ಬೇಕು. ಅದಿಲ್ಲದಿದ್ದರೆ ಪ್ರತಿ ಉಸಿರು ಬಿಟ್ಟಾಗಲೂ ಗೂಡುಗಳು ಒದ್ದೆ ಪ್ಲಾಸ್ಟಿಕ್ ಚೀಲದಂತೆ ಅಂಟಿಕೊಳ್ಳುತ್ತವೆ. ಮತ್ತೆ ಬಿಡಿಸಲು ಆ ಬೊಗಸೆ ಗಾತ್ರದ ಜೀವ ಪಕ್ಕೆ ಒಳಸೇದಿ, ನರಳಿ, ಸುಸ್ತಾಗಿ, ಕಡೆಗೆ ನಿಲ್ಲಿಸಿಬಿಡುತ್ತದೆ. ಮೂಗಿನಿಂದ ಮೆಲ್ಲಗೆ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಆ ಗೂಡುಗಳನ್ನು ಮುಚ್ಚಿಕೊಳ್ಳದಂತೆ ಹಿಡಿದಿಡುತ್ತದೆ. ಆ ಲೇಪವನ್ನೇ ಔಷಧವಾಗಿ ಹಾಕುವುದೂ ಉಂಟು, ಅದು ದುಬಾರಿ.

ಇದಕ್ಕಿಂತ ಮೊದಲೇ, ಕೂಸು ಹೊಟ್ಟೆಯೊಳಗಿರುವಾಗಲೇ, ತಾಯಿಗೆ ಕೊಡುವ ಅಗ್ಗದ ಸ್ಟೀರಾಯ್ಡ್ ಇಂಜೆಕ್ಷನ್ ಇದೆ. ಅವಧಿಗೆ ಮೊದಲೇ ನೋವು ಬಂದವಳಿಗೆ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಮಾಗುತ್ತದೆ. ಇಲ್ಲೂ ಬೆಳಗಾವಿ ಬರುತ್ತದೆ, ಎರಡು ಸಲ, ಎರಡು ಬೇರೆ ಉತ್ತರ ಹಿಡಿದು. ಆರು ದೇಶಗಳ ಹಳ್ಳಿಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳ ನಡುವೆ ಈ ಇಂಜೆಕ್ಷನನ್ನು ಕೆಳಹಂತದ ಆರೋಗ್ಯ ಕಾರ್ಯಕರ್ತರವರೆಗೆ ತಲುಪಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸಣ್ಣ ಕೂಸುಗಳಿಗೆ ಪ್ರಯೋಜನ ಕಾಣಲಿಲ್ಲ. ಒಟ್ಟು ಲೆಕ್ಕದಲ್ಲಿ ಸಾವಿರಕ್ಕೆ ಮೂರೂವರೆ ಸಾವು ಹೆಚ್ಚೇ ಆಯಿತು. ಜಗತ್ತಿನ ತಜ್ಞರೆಲ್ಲ ಬೆಚ್ಚಿದರು. ಮತ್ತೆ ಐದು ದೇಶಗಳಲ್ಲಿ, ಈ ಸಲ ಆಸ್ಪತ್ರೆಗಳೊಳಗೆ, ಸ್ಕ್ಯಾನಿಂಗ್ ಮಾಡಿ ಎಷ್ಟು ವಾರದ ಗರ್ಭವೆಂದು ಖಚಿತಪಡಿಸಿಕೊಂಡು, ಹುಟ್ಟಿದ ಮೇಲೆ ನೋಡಿಕೊಳ್ಳುವ ವ್ಯವಸ್ಥೆ ಇದ್ದ ಕಡೆ ಮಾತ್ರ ಅದೇ ಬಗೆಯ ಇಂಜೆಕ್ಷನ್ ಕೊಟ್ಟು ನೋಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಆ ಅಧ್ಯಯನ 2020ರಲ್ಲಿ ಬಂತು, ಬೆಳಗಾವಿಯ ವೈದ್ಯರು ಅದರಲ್ಲೂ ಇದ್ದರು. ಕೂಸುಗಳ ಸಾವು ನೂರಕ್ಕೆ 23.5 ಇದ್ದದ್ದು 19.6ಕ್ಕೆ ಇಳಿಯಿತು. ಲಾಭ ಅಷ್ಟು ಸ್ಪಷ್ಟವಾಗಿತ್ತೆಂದು ಅಧ್ಯಯನವನ್ನೇ ಬೇಗ ನಿಲ್ಲಿಸಿದರು.

ಅದೇ ಸೂಜಿ, ಒಂದು ಕಡೆ ಕೊಲ್ಲುವ ಸಂಶಯ, ಇನ್ನೊಂದು ಕಡೆ ಕಾಯುವ ಖಾತ್ರಿ. ವ್ಯತ್ಯಾಸವಿದ್ದದ್ದು ಸೂಜಿಯ ಸುತ್ತ. ತಿಂಗಳು ಸರಿಯಾಗಿ ಎಣಿಸಿದ್ದಾರೆಯೇ, ತಾಯಿಗೆ ನಂಜು ಇಲ್ಲವೆಂದು ನೋಡಿದ್ದಾರೆಯೇ, ಹುಟ್ಟಿದ ಕೂಸನ್ನು ಬೆಚ್ಚಗಿಡುವವರು ಇದ್ದಾರೆಯೇ. ಯಂತ್ರ ಕೊಂಡು, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡರೆ ಕೂಸು ಉಳಿಯುತ್ತದೆ ಎಂದು ನಂಬುವ ಎಲ್ಲ ಜನಪ್ರತಿನಿಧಿಗಳಿಗೂ ಈ ಎರಡು ಅಧ್ಯಯನಗಳನ್ನು ಓದಿ ಹೇಳಬೇಕು.

ತಿಂಗಳು ತುಂಬದ ಹೆರಿಗೆ ಯಾಕೆ ಆಗುತ್ತದೆ ಎಂದು ಹಿಂದೆ ಹೋದರೆ ದಾರಿ ತಾಯಿಯ ಮೈಗೇ ಮುಟ್ಟುತ್ತದೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49ರ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ನೂರಕ್ಕೆ 48ರಷ್ಟಿತ್ತು. ಅದರ ಹಿಂದಿನ ಸಮೀಕ್ಷೆಗಿಂತ ಇದು ಏರಿತ್ತು. 20ರಿಂದ 24ರ ವಯಸ್ಸಿನವರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ನೂರಕ್ಕೆ 21, ಇದು ಅಲುಗಾಡಿರಲೇ ಇಲ್ಲ. ಮೂಳೆ ಬಲಿಯುವ ಮೊದಲೇ ಬಸುರಾದ ಹುಡುಗಿ, ಬಿಸಿಲಲ್ಲಿ ಮೆಣಸಿನಕಾಯಿ ಬಿಡಿಸುತ್ತ ಎಂಟನೆಯ ತಿಂಗಳವರೆಗೆ ದುಡಿಯುವ ಕೂಲಿಯವಳು, ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷವೂ ಬಿಡುವಿಲ್ಲದವಳು, ಇವರ ಹೊಟ್ಟೆಯಲ್ಲಿ ಕೂಸು ಬೆಳೆಯಲು ಕಷ್ಟಪಡುತ್ತದೆ. ಇನ್ನೊಂದು ತುದಿಯಲ್ಲಿ ಪಟ್ಟಣದ ಹೊಸ ರೂಢಿಯೂ ಇದೆ. ಪಂಚಾಂಗ ನೋಡಿ, ನಕ್ಷತ್ರ ಗೊತ್ತುಮಾಡಿ, ನೋವು ಬರುವ ಮೊದಲೇ ಸಿಸೇರಿಯನ್ ಮಾಡಿಸುವುದು. ಒಂದೆರಡು ವಾರ ಮೊದಲೇ ತೆಗೆದ ಕೂಸು ಏದುಸಿರು ಬಿಡುತ್ತ ಘಟಕ ಸೇರಿದರೆ ಆ ಶುಭ ಮುಹೂರ್ತಕ್ಕೆ ಏನು ಅರ್ಥ?

ನಂಜಿನ ವಿಷಯ ಬರೆಯುವಾಗ ಆಸ್ಪತ್ರೆಗಳನ್ನು ಸುಮ್ಮನೆ ಬಿಡಲಾಗದು. ಇಲ್ಲಿ ಸಾವು ಎಷ್ಟೋ ಸಲ ಒಳಗೇ ಹುಟ್ಟುತ್ತದೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನದಲ್ಲಿ ತೀವ್ರ ನಿಗಾ ಘಟಕ ಸೇರಿದ ಕೂಸುಗಳಲ್ಲಿ ನೂರಕ್ಕೆ 14ಕ್ಕೆ ನಂಜಾಗಿತ್ತು. ಅದರಲ್ಲಿ ಮೂರರಲ್ಲಿ ಎರಡು ಪಾಲು ಹುಟ್ಟಿದ ಮೂರು ದಿನದೊಳಗೆ. ಸಿಕ್ಕ ರೋಗಾಣುಗಳಲ್ಲಿ ಮುಂದಿದ್ದವು ಅಸಿನೆಟೋಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ. ಇವು ಹೊಲದ ಮಣ್ಣಿನಿಂದ, ಹಳ್ಳಿಮನೆಯ ಸೀರೆಯಿಂದ ಬಂದವು ಎನ್ನುವಂತಿಲ್ಲ. ಆಸ್ಪತ್ರೆಯ ನಲ್ಲಿ, ನೆಲ, ಕೊಳವೆ, ಕೈಗಳಲ್ಲಿ ಬೆಳೆದು, ಹಲವು ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗದಂತೆ ಪಳಗಿದವು. ಒತ್ತಡ ಹೆಚ್ಚಾದ ದಿನ ಒಂದೇ ವಾರ್ಮರಿನಲ್ಲಿ ಎರಡು ಕೂಸು ಮಲಗಿದರೆ, ನಾಲ್ಕು ಕೂಸು ನೋಡಬೇಕಾದ ನರ್ಸ್ ಹತ್ತನ್ನು ನೋಡಿದರೆ, ಒಂದು ಕೂಸಿನಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯುವ ಆ ಅರ್ಧ ನಿಮಿಷ ಎಲ್ಲಿಂದ ಬರಬೇಕು? ನರ್ಸಿನ ತಪ್ಪೆಂದು ಬರೆಯುವುದು ಸುಲಭ. ಆ ಪಾಳಿಗೆ ಇನ್ನೊಬ್ಬರನ್ನು ನೇಮಿಸದೆ ವರ್ಷಗಟ್ಟಲೆ ಹುದ್ದೆ ಖಾಲಿ ಬಿಟ್ಟವರ ಹೆಸರು ಯಾವ ತನಿಖಾ ವರದಿಯಲ್ಲೂ ಬರುವುದಿಲ್ಲ.

ಉಳಿದ ಕಾರಣಗಳೂ ಇವೆ. ಹೃದಯದಲ್ಲಿ ರಂಧ್ರ, ಮುಚ್ಚಿದ ಗುದದ್ವಾರ, ಬೆನ್ನುಹುರಿಯ ದೋಷದಂಥ ಹುಟ್ಟಿನ ಕುಂದುಗಳು. ಬೇರೆ ಸಾವುಗಳು ಇಳಿದಂತೆ ಇವುಗಳ ಪಾಲು ಏರುತ್ತಿದೆ. ಕಾಮಣಿ ಏರಿ ಮೆದುಳಿಗೆ ಹತ್ತುವುದು ಈಗ ನೀಲಿ ಬೆಳಕಿನಿಂದ ಬಹಳ ಮಟ್ಟಿಗೆ ತಪ್ಪುತ್ತದೆ, ಸಮಯಕ್ಕೆ ತೋರಿಸಿದರೆ.

ಇನ್ನೊಂದು ಸಂಗತಿ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಹುಟ್ಟಿದ ಒಂದು ತಾಸಿನೊಳಗೆ ಮೊಲೆ ಕುಡಿದ ಕೂಸುಗಳು ಕರ್ನಾಟಕದಲ್ಲಿ 2015–16ರಲ್ಲಿ ನೂರಕ್ಕೆ 56ರಷ್ಟಿದ್ದವು, 2019–21ಕ್ಕೆ 49ಕ್ಕೆ ಇಳಿದವು. ಹೆಚ್ಚುಕಡಿಮೆ ಎಲ್ಲರೂ ಆಸ್ಪತ್ರೆಯಲ್ಲೇ ಹೆರುವ ರಾಜ್ಯದಲ್ಲಿ ಇದು ಇಳಿದದ್ದು ಹೇಗೆ? ಇದೇ ಅವಧಿಯಲ್ಲಿ ಸಿಸೇರಿಯನ್ ನೂರಕ್ಕೆ 24ರಿಂದ 31ಕ್ಕೆ ಏರಿದೆ. ಹೊಲಿಗೆಯ ತಾಯಿ ಒಂದು ಕಡೆ, ಕೂಸು ಒಂದು ಕಡೆ. ನಡುವೆ ಜೇನುತುಪ್ಪ, ಸಕ್ಕರೆ ನೀರು ಹಿಡಿದ ಅಕ್ಕರೆಯ ಕೈಗಳು. ಗಿಣ್ಣುಹಾಲು ಕರುವಿಗೆ ಎಷ್ಟು ಮುಖ್ಯವೆಂದು ನಮ್ಮ ಒಕ್ಕಲಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಳಬರ ಬಾಯಲ್ಲಿ ಕೆಎಂಸಿ ಎಂದರೆ ಹುಬ್ಬಳ್ಳಿಯ ಆಸ್ಪತ್ರೆ ಎಂದೆನಲ್ಲ, ಶಿಶುವೈದ್ಯರ ಬಾಯಲ್ಲಿ ಆ ಮೂರಕ್ಷರಕ್ಕೆ ಬೇರೆಯೇ ಅರ್ಥವಿದೆ: ಕಾಂಗರೂ ಮದರ್ ಕೇರ್. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ, ನಂಜು ಹಬ್ಬಿ ಕೂಸುಗಳು ಸಾಯುತ್ತಿದ್ದಾಗ ಎಡ್ಗರ್ ರೇ ಎಂಬ ವೈದ್ಯರು ತಾಯಂದಿರ ಎದೆಗೇ ಕೂಸನ್ನು ಕಟ್ಟಿಸಿದರು. ಬರಿಮೈಗೆ ಬರಿಮೈ, ತಲೆಗೆ ಟೊಪ್ಪಿಗೆ, ಮೇಲೊಂದು ಬಟ್ಟೆ. ತಾಯಿಯ ಎದೆ ಕೂಸಿಗೆ ಬೇಕಾದ ಶಾಖ ಕೊಡುತ್ತದೆ, ಹಾಲು ಅಲ್ಲೇ ಇದೆ, ಆಸ್ಪತ್ರೆಯ ರೋಗಾಣುಗಳ ಬದಲು ತಾಯಿಯ ಚರ್ಮದ ನಿರಪಾಯಕಾರಿ ಜೀವಾಣುಗಳು ಕೂಸಿಗೆ ಅಂಟುತ್ತವೆ, ಉಸಿರು ಮರೆತ ಕೂಸಿಗೆ ತಾಯಿಯ ಎದೆಯ ಏರಿಳಿತ ನೆನಪಿಸುತ್ತದೆ. ಭಾರತವೂ ಸೇರಿ ಐದು ದೇಶಗಳಲ್ಲಿ ಇದನ್ನು ಹುಟ್ಟಿದ ತಕ್ಷಣವೇ ಶುರುಮಾಡಿ ನೋಡಿದಾಗ ಒಂದರಿಂದ 1.8 ಕಿಲೋ ತೂಕದ ಕೂಸುಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. 2021ರ ಫಲಿತಾಂಶವಿದು. ಅದಕ್ಕಾಗಿ ಮಾಡಬೇಕಾದ ದೊಡ್ಡ ಬದಲಾವಣೆ ಒಂದೇ, ತಾಯಿಯನ್ನು ನಿಗಾ ಘಟಕದ ಹೊರಗೆ ನಿಲ್ಲಿಸದೆ ಒಳಗೆ ಹಾಸಿಗೆ ಕೊಡುವುದು.

ಇದು ನಮ್ಮ ಜನಕ್ಕೆ ಒಗ್ಗುತ್ತದೆಯೇ ಎಂದು ಅನುಮಾನಿಸುವವರು ಕೊಪ್ಪಳಕ್ಕೆ ಹೋಗಿ ಬರಲಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸರ್ಕಾರದೊಂದಿಗೆ ಸೇರಿ ಇಡೀ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಬೇರೂರಿಸಲು ಹೊರಟವು. ವಿಶ್ವ ಆರೋಗ್ಯ ಸಂಸ್ಥೆ ಭಾರತ ಮತ್ತು ಇಥಿಯೋಪಿಯಾಗಳಲ್ಲಿ ನಡೆಸಿದ ಪ್ರಯತ್ನದ ಭಾಗ ಅದು. ಎರಡು ಕಿಲೋಕ್ಕಿಂತ ಕಡಿಮೆ ತೂಕದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಈ ಆರೈಕೆ ತಲುಪಿತು. ತಾಯಿ ದಣಿದಾಗ ಅತ್ತೆ, ಅಜ್ಜಿ, ಕಡೆಗೆ ಅಪ್ಪನೂ ಅಂಗಿ ಬಿಚ್ಚಿ ಕೂಸನ್ನು ಎದೆಗೆ ಕಟ್ಟಿಕೊಂಡು ಕೂರಬಹುದು. ಹುಬ್ಬಳ್ಳಿಗೆ ಬರುವ ಗಾಡಿಯಲ್ಲೂ ಕೂರಬಹುದು. ಸೀರೆ ಸುತ್ತಿ ತೊಡೆಯ ಮೇಲೆ ಮಲಗಿಸಿದ ಕೂಸಿಗೂ, ಎದೆಗೆ ಅಂಟಿ ಬಂದ ಕೂಸಿಗೂ ಗೇಟು ಮುಟ್ಟುವಷ್ಟರಲ್ಲಿ ಮೈಶಾಖದಲ್ಲಿ ಆಗುವ ವ್ಯತ್ಯಾಸವೇ ಒಮ್ಮೊಮ್ಮೆ ಬದುಕು-ಸಾವಿನ ವ್ಯತ್ಯಾಸ.

ಬದುಕುಳಿದ ಕೂಸುಗಳ ಕತೆಯೂ ಇದೆ. ಬಹಳ ಮೊದಲೇ ಹುಟ್ಟಿ, ಅಳತೆಯಿಲ್ಲದೆ ಆಮ್ಲಜನಕ ಪಡೆದ ಕೂಸಿನ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡಾಗಬಹುದು. ಜೀವ ಉಳಿಸುವ ಘಟಕಗಳು ಹೆಚ್ಚಿದಂತೆ ಹೆಚ್ಚುವ ರೋಗವಿದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಯಿಂದ ಜಿಲ್ಲೆಗೆ ಕ್ಯಾಮೆರಾ ಹೊತ್ತು ತಿರುಗುತ್ತಾರೆ. ಎಳೆಗೂಸಿನ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ, ತಜ್ಞರು ದೂರದಲ್ಲೇ ಕೂತು ನೋಡುತ್ತಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಅದು ಬಂದಿದೆ. ಎರಡು ಕಿಲೋಕ್ಕಿಂತ ಹಗುರಾಗಿ ಹುಟ್ಟಿದ ಕೂಸಿನ ಕಣ್ಣನ್ನು 30 ದಿನದೊಳಗೆ ತೋರಿಸಬೇಕು. ಮನೆಗೆ ಹೋದ ಸಂತೋಷದಲ್ಲಿ ಈ ಒಂದು ದಿನಾಂಕ ಮರೆತು ಹೋದರೆ ಮತ್ತೆ ಸಿಗುವುದಿಲ್ಲ.

ಹುಬ್ಬಳ್ಳಿಯ ದಾರಿ ಚಿಕ್ಕದಾಗಬೇಕು. ಗದಗ, ಕೊಪ್ಪಳ, ಕಾರವಾರ, ಹಾವೇರಿಗಳಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ ಅದು ಸ್ವಲ್ಪ ಚಿಕ್ಕದಾಗಿದೆ. ಆದರೆ ತಾಲೂಕಿನ ಮಟ್ಟದಲ್ಲಿ, ಕಲಘಟಗಿಯಲ್ಲಿ, ಕುಂದಗೋಳದಲ್ಲಿ, ನವಲಗುಂದದಲ್ಲಿ, ಶನಿವಾರ ರಾತ್ರಿಯೂ ಮಕ್ಕಳ ಡಾಕ್ಟರು ಇರುವ, ಕೂಸು ಕಳಿಸುವ ಮೊದಲು ಮೈಶಾಖ ನೋಡಿ ಚೀಟಿಯಲ್ಲಿ ಬರೆಯುವ, ಹೊರಟಿದೆ ಎಂದು ಹುಬ್ಬಳ್ಳಿಗೆ ಫೋನ್ ಮಾಡಿ ಹಾಸಿಗೆ ಕೇಳುವ ವ್ಯವಸ್ಥೆ ಗಟ್ಟಿಯಾಗಬೇಕು. ಇದಕ್ಕಿಂತ ಒಳ್ಳೆಯದೆಂದರೆ, ಕೂಸು ಹುಟ್ಟಿದ ಮೇಲೆ ಒಯ್ಯುವುದಕ್ಕಿಂತ ಅಪಾಯ ಕಂಡ ಬಸುರಿಯನ್ನೇ ನೋವು ಬರುವ ಮೊದಲು ಒಯ್ಯುವುದು. ತಾಯಿಯ ಹೊಟ್ಟೆಗಿಂತ ಒಳ್ಳೆಯ ಆ್ಯಂಬುಲೆನ್ಸನ್ನು ಇಲ್ಲಿಯವರೆಗೆ ಯಾರೂ ಕಟ್ಟಿಲ್ಲ.

ಅದಕ್ಕೆ ಅಡ್ಡ ಬರುವುದು ನಮ್ಮದೇ ಒಂದು ಚೆಂದದ ಪದ್ಧತಿ. ಈ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೆಯ ತಿಂಗಳಲ್ಲಿ ಕುಬಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಮಡಿಲಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಬಯಕೆಯ ಬುತ್ತಿ. ಆರತಿ ಎತ್ತಿ ಹಾಡಿ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಅದೇ ದಿನ, ರಕ್ತದೊತ್ತಡ ಏರುವ, ಕೂಸಿನ ಬೆಳವಣಿಗೆ ಕುಂಠಿತವಾಗುವ, ಅವಧಿಗೆ ಮೊದಲೇ ನೋವು ಬರುವ ತಿಂಗಳುಗಳ ಹೊಸ್ತಿಲಲ್ಲಿ, ಅವಳು ಆರು ತಿಂಗಳು ತನ್ನನ್ನು ನೋಡಿದ ಆಶಾಳನ್ನು, ತೂಕ ಬರೆದುಕೊಂಡ ಸಿಸ್ಟರನ್ನು, ಪರಿಚಯದ ಆಸ್ಪತ್ರೆಯನ್ನು ಹಿಂದೆ ಬಿಟ್ಟು ಹೊರಡುತ್ತಾಳೆ. ತವರೂರಿನ ಆಶಾಳ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ತಾಯಿ ಕಾರ್ಡ್ ಎಷ್ಟೋ ಸಲ ಗಂಡನ ಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ.

ಕೆಲವು ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ತಾವಾಗಿಯೇ ಒಂದು ರೂಢಿ ಮಾಡಿಕೊಂಡಿದ್ದಾರೆ. ಕುಬಸದ ದಿನ ಅವರೂ ಹೋಗುತ್ತಾರೆ. ಉಡಿ ತುಂಬುವ ಹೆಂಗಸರ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಅಕ್ಕಿಯ ಜೊತೆ ತಾಯಿ ಕಾರ್ಡನ್ನೂ ಉಡಿಗೆ ಹಾಕುತ್ತಾರೆ. ಆಮೇಲೆ ಪಡಸಾಲೆಯ ಮೂಲೆಗೆ ಹೋಗಿ ಅವಳ ತವರಿನ ಆಶಾಗೆ ಫೋನ್ ಹಚ್ಚುತ್ತಾರೆ: ‘ಅಕ್ಕಾ, ನಮ್ಮ ಹುಡುಗಿ ನಿಮ್ಮೂರಿಗೆ ಬರಾಕತ್ತಾಳ. ರಕ್ತ ಎಂಟೂವರಿ ಐತಿ. ಬಿಪಿ ಒಂದ್ಸಲ ಏರಿತ್ತು. ಹೆಸರು ಬರಕೋ.’